ಅಂಗಾರ-ಅಕ್ಷತೆ ರಕ್ತಪರೀಕ್ಷೆಯಲ್ಲ

ಚೆನ್ನೈ, ಅಕ್ಟೋಬರ್ 2005

ಚರ್ಮರೋಗ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ವಿಭಾಗದಲ್ಲಿ ಸಿಕ್ಕ ಮರ್ಯಾದೆಯಿಂದ ನನ್ನ ಗಂಡನ ಕಾಲುಗಳು ಮರಗಟ್ಟಿವೆ. ಮರ್ಯಾದೆಯ ಮೇಲೆ ದೂರು ಕೊಡುವವರು ಕಡಿಮೆ, ನಾನು ಕೊಡುತ್ತಿದ್ದೇನೆ. ನೀವೂ ಕನ್ನಡಿಗರೆಂದು ತಿಳಿದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಗಂಡ ಸುಶಮೀಂದ್ರ ಟಿ. ನಗರದ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಸೋರಿಯಾಸಿಸ್ ಅವರ ಬೆನ್ನು, ತೊಡೆ, ತಲೆ ಎಲ್ಲವನ್ನೂ ಹಿಡಿದಿದೆ. ಹಾಸಿಗೆ ಕೊಡವಿದರೆ ಹೊಟ್ಟು ಉದುರುತ್ತದೆ. ಮೊದಲ ಸಲ ನಿಮ್ಮಲ್ಲಿಗೆ ಬಂದಾಗ ನಮ್ಮ ಮುಂದೆ ಒಬ್ಬ ಆಟೋ ಚಾಲಕರಿದ್ದರು, ಅದೇ ಕಾಯಿಲೆ. ನಿಮ್ಮ ಕಿರಿಯ ವೈದ್ಯರು, "ತಣ್ಣಿ ಪೋಡುವಿಯಾ?" ಎಂದು ಗದರಿದರು. ಕುಡಿಯುತ್ತೇನೆಂದು ಆತ ತಲೆ ತಗ್ಗಿಸಿದ್ದೇ ತಡ, ರಕ್ತಪರೀಕ್ಷೆ, ವಿಟಮಿನ್ ಇಂಜೆಕ್ಷನ್, ಬುದ್ಧಿಮಾತು ಎಲ್ಲವೂ ಸಿಕ್ಕಿತು. ಆಮೇಲೆ ನಮ್ಮ ಸರದಿ. ಇವರ ಹಣೆಯ ಅಂಗಾರ-ಅಕ್ಷತೆ ಕಂಡ ವೈದ್ಯರು ಕೈಮುಗಿದು, "ಸಾಮಿ, ಉಂಗಳ ಕೇಕ್ಕವೇ ವೇಣಾಂ" ಎಂದರು. ಇಂಥವರನ್ನು ಕೇಳುವುದೇ ಬೇಡವಂತೆ! ಪಕ್ಕದಲ್ಲಿದ್ದ ನನ್ನ ಅತ್ತೆ ಜಯಲಕ್ಷ್ಮೀಯವರು ಹಿಗ್ಗಿಹೋದರು. "ನಮ್ಮ ಸುಶಮಿ ಒಂದು ಚಾತುರ್ಮಾಸ್ಯನೂ ತಪ್ಪಿಸಿದೋನಲ್ಲ ಡಾಕ್ಟರೇ. ರೊಂಬ ಆಚಾರ" ಎಂದರು.

ಅದು ನಿಜ. ತೊಂದರೆಯೂ ಅದೇ. ಅಂಗಡಿ ಮುಚ್ಚಿದ ಮೇಲೆ ದಿನವೂ ಕಂಠಪೂರ್ತಿ ಕುಡಿಯುವ ನನ್ನ ಗಂಡ, ಆ ಪಾಪ ತೊಳೆಯಲೆಂದೇ ಚಾತುರ್ಮಾಸ್ಯದ ನಾಲ್ಕು ತಿಂಗಳ ವ್ರತವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿಯುತ್ತಾರೆ. ಮೊದಲ ತಿಂಗಳು ಸೊಪ್ಪು-ತರಕಾರಿ ಬಿಟ್ಟರು, ಆಮೇಲೆ ಮೊಸರು ಬಿಟ್ಟರು, ಈಗ ಹಾಲಿಲ್ಲ, ಮುಂದೆ ಬೇಳೆಯೂ ಇಲ್ಲ. ಕುಡಿತ ಬಿಡಿ ಎಂದು ಬೇಡಿಕೊಂಡರೆ, "ಅದೊಂದು ಬಿಟ್ಟು ಬೇರೆಲ್ಲಾ ಬಿಟ್ಟಿದೀನಲ್ಲೇ ಹರಿ" ಎನ್ನುತ್ತಾರೆ. ನಗಬೇಕೋ ಅಳಬೇಕೋ ತಿಳಿಯದು.

ಕಳೆದ ತಿಂಗಳು ಮೆಟ್ಟಿಲಿಳಿಯುವಾಗ ಬಿದ್ದರು. ಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲವಂತೆ. ನಾಲಿಗೆ ಕೆಂಡದಂತೆ ಕೆಂಪಾಗಿದೆ. ಪೋರೂರಿನ ವೈದ್ಯೆಯೊಬ್ಬರು ರಕ್ತ ಪರೀಕ್ಷಿಸಿ ಬಿಡಿಸಿ ಹೇಳಿದರು: ಉದುರುವ ಚರ್ಮ ಮೈಯಲ್ಲಿರುವ ಫೋಲಿಕ್ ಆಮ್ಲವನ್ನು ಬಳಸಿ ಮುಗಿಸುತ್ತದೆ, ಕುಡಿತ ಬಿ ವಿಟಮಿನ್‌ಗಳನ್ನು ಮೈಗೆ ಹತ್ತಗೊಡುವುದಿಲ್ಲ, ಅಷ್ಟಿಷ್ಟು ಬರುತ್ತಿದ್ದುದಕ್ಕೂ ವ್ರತ ಅಡ್ಡ ಬಂದಿದೆ. ನಿಮ್ಮಲ್ಲಿ ಬರೆದುಕೊಟ್ಟ ಮಾತ್ರೆಯಂತೂ ಕುಡಿಯುವವರ ಲಿವರನ್ನೇ ಕೆಡಿಸಬಲ್ಲದಂತೆ.

ಇದನ್ನು ನಿಮ್ಮ ವೈದ್ಯರಿಗೆ ಗುಟ್ಟಾಗಿ ಹೇಳಲು ಹೋದೆ. ದೈವಭಕ್ತರ ಮೇಲೆ ಹೀಗೆಲ್ಲ ಹೇಳಬಾರದೆಂದು ನನಗೇ ಬುದ್ಧಿ ಹೇಳಿ ಕಳುಹಿಸಿದರು. ಆಟೋ ಚಾಲಕರ ಮರ್ಯಾದೆ ತೆಗೆದು ಜೀವ ಉಳಿಸುವುದು, ನನ್ನ ಗಂಡನ ಮರ್ಯಾದೆ ಉಳಿಸಿ ಜೀವ ತೆಗೆಯುವುದು, ಇದು ಯಾವ ಕಾಲೇಜಿನ ವೈದ್ಯಶಾಸ್ತ್ರ? ಆಟೋ ಚಾಲಕರನ್ನಾದರೂ ಎಲ್ಲರೆದುರು ಗದರಿಸಬೇಕಿತ್ತೇ? ಗುಟ್ಟಾಗಿ ಹೇಳಿದ್ದನ್ನು ನಂಬದ ಕಾರಣ ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಿಮ್ಮಲ್ಲಿಗೆ ಬರುವ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ, ಏನು ಕುಡಿಯುತ್ತೀರಿ, ಏನು ತಿನ್ನುವುದಿಲ್ಲ ಎಂದು ಕೇಳುವ ಕ್ರಮವನ್ನು ತನ್ನಿ. ಬುಧವಾರ ಸುಶಮೀಂದ್ರರನ್ನು ಹೇಗಾದರೂ ಕರೆತರುತ್ತೇನೆ. ಅತ್ತೆಯವರನ್ನೂ ನನ್ನನ್ನೂ ಹೊರಗೆ ಕಳುಹಿಸಿ, ಬಾಗಿಲು ಹಾಕಿ, ನೀವೇ ಕೇಳಿ. ಇಲ್ಲವೆಂದರೆ ಇನ್ನೊಮ್ಮೆ ಕೇಳಿ. ಹೌದೆನ್ನಲು ಅವರಿಗೂ ಒಂದು ಜಾಗ ಬೇಕು, ಅದು ನಮ್ಮ ಮನೆಯಲ್ಲಿಲ್ಲ.

ಇಂತಿ,
ಇದು ಅಚ್ಚಾದ ದಿನದಿಂದ ತವರಿಗೂ ಅತ್ತೆಮನೆಗೂ ಬೇಡವಾಗಲಿರುವ,
ಹರಿಪ್ರಿಯಾ