ಎಲ್ಲರೆದುರಿಗೆ

ಮಂಗಳವಾರ, ನವೆಂಬರ್ ೧೧. ಕಿದ್ವಾಯಿ ನಗರ.

ಮ್ಯಾನೇಜರ್ ಭಾಟಿಯಾ ಅವರ ಮೇಲಿನ ಸಿಟ್ಟು ಗುರುಗ್ರಾಮದಿಂದ ಮನೆಗೆ ಬಂದರೂ ಇಳಿದಿಲ್ಲ.

ನಮ್ಮ ಕಂಪನಿಗೆ ಕೆಲಸ ಕೊಟ್ಟ ಆಸ್ಪತ್ರೆಯ ಲ್ಯಾಬಿನದೊಂದು ಕ್ಲೌಡ್ ನೆಟ್‌ವರ್ಕ್, ವಾರ್ಡಿನದೊಂದು. ಎರಡನ್ನೂ ಜೋಡಿಸಿದವಳು ನಾನು. ಬೆಳಗ್ಗೆ ರಕ್ತದ ರಿಪೋರ್ಟುಗಳು ವಾರ್ಡಿಗೆ ಬರದಿದ್ದಾಗ, "ಹಂಸಿನಿ ಏನೋ ಕೆಡಿಸಿದ್ದಾಳೆ" ಎಂದು ಭಾಟಿಯಾ ಮೀಟಿಂಗಿನಲ್ಲಿ ಎಲ್ಲರೆದುರು ಅಂದುಬಿಟ್ಟರು. ಕೂತು ಹುಡುಕಿದೆ. ವಾರ್ಡಿನಿಂದ ಕೇಳಿದ್ದು ಲ್ಯಾಬಿಗೆ ತಲುಪುತ್ತಿತ್ತು, ಉತ್ತರ ಮಾತ್ರ ವಾಪಸು ಬರುತ್ತಿರಲಿಲ್ಲ. ಲ್ಯಾಬಿನ ಕಡೆಯಿಂದ ವಾರ್ಡಿಗೆ ರೂಟೇ, ಅಂದರೆ ಮಾಹಿತಿ ಹೋಗುವ ದಾರಿಯೇ, ಇರಲಿಲ್ಲ.

"ಸರ್, ನಿನ್ನೆ ಏನಾದರೂ ಅಳಿಸಿದಿರಾ?"

"ಅಚ್ಛಾ, ಅದಾ? ಬೇಡದ್ದು ಅಂದ್ಕೊಂಡು ತೆಗೆದೆ."

ಅಷ್ಟೇ. ಬಾಯಿಮಾತಿಗೂ ಕ್ಷಮೆ ಕೇಳಲಿಲ್ಲ. ರೂಟ್ ಮತ್ತೆ ಹಾಕಿದೆ, ರಿಪೋರ್ಟುಗಳು ಬಂದವು. ಸಂಜೆ ಅವರು ಆಸ್ಪತ್ರೆಗೆ ಮೇಲ್ ಕಳಿಸಿದರು: ಹಂಸಿನಿಯ ತಪ್ಪನ್ನು ಸರಿಪಡಿಸಿದ್ದೇವೆ. ರೂಟ್ ತೆಗೆದವರು ನೀವೇ ಎಂದು ಎಲ್ಲರಿಗೂ ಹೋಗುವಂತೆ ಉತ್ತರ ಬರೆದೆ. ಕೂಡಲೇ ಫೋನ್ ಬಂತು.

"ನನಗೊಬ್ಬನಿಗೇ ಬರೀಬಹುದಿತ್ತಲ್ಲ?"

"ನೀವು ಬೈದದ್ದು ಎಲ್ಲರೆದುರಿಗೆ ಅಲ್ವಾ ಸರ್?"

ನಾಳೆ ಏನಾಗುತ್ತೋ ಆಗಲಿ. ಆಪರೇಷನ್ನಿಗೆಂದು ಹಸಿದಿದ್ದ ಒಂದು ಮಗು ರಿಪೋರ್ಟು ಬರುವವರೆಗೂ ನೀರು ಕೇಳಿ ಅಳುತ್ತಲೇ ಇತ್ತು ಅಂತ ವಾರ್ಡಿನ ನರ್ಸ್ ಹೇಳಿದರು. ಅದಕ್ಕೆ ಯಾರು ಉತ್ತರ ಕೊಡುತ್ತಾರೆ?