ತಳದ ಅರ್ಧ ಬಟ್ಟಲು ಆಯಿಲ್

ಗಡಹಿಂಗ್ಲಜ,
೧೪ ಜುಲೈ ೨೦೨೫, ಸೋಮವಾರ

ಮುದ್ದಿನ ಮಗಳು ಶುಭಾಂಗಿಗೆ,

ನಿನ್ನಪ್ಪ ಧೊಂಡಿಬಾನ ಆಶೀರ್ವಾದ. ಹೇಗಿದ್ದೀ? ಅಳಿಯಂದಿರ ಕೆಮ್ಮು ಇಳಿಯಿತೇ? ಯಡ್ರಾವದ ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಧೂಳು ನುಂಗುವುದು ಸಾಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಲಖನ್‌ಗೆ ನಾನು ಹೇಳಿದೆನೆಂದು ಹೇಳು. ಮಾವ ಹೇಳಿದ್ದನ್ನು ಅಳಿಯ ಕೇಳುವುದಿಲ್ಲ, ಆದರೂ ಹೇಳು. ಮೊಮ್ಮಗಳು ಸಾಕ್ಷಿಯ ಮುಂದಿನ ಹಲ್ಲು ಬಿದ್ದಿತಂತೆ. ಆ ಸಂದಿಯಲ್ಲಿ ಅವಳು ಸೀಟಿ ಹೊಡೆಯುವುದನ್ನು ನಿಮ್ಮವ್ವನ ಫೋನಿನಲ್ಲಿ ಕೇಳಿದೆ. ನಮ್ಮ ಎಸ್‌ಟಿ ಬಸ್ಸಿನ ಕಂಡಕ್ಟರುಗಳಿಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಇಲ್ಲಿ ನಿಮ್ಮವ್ವ ಶೆವಂತಾ ಆರಾಮ, ಅಂದರೆ ದಿನವಿಡೀ ನನ್ನನ್ನು ಬೈಯುವಷ್ಟು ಉಸಿರು ಅವಳಲ್ಲಿದೆ. ನಾನೂ ಆರಾಮ. ಅಕ್ಷರಗಳು ಸೊಟ್ಟಗಾಗಿವೆ ಎಂದು ಗಾಬರಿಯಾಗಬೇಡ, ಪೆನ್ನು ಸರಿಯಿಲ್ಲ.

ಫೋನ್ ಇರುವಾಗ ಅಪ್ಪ ಪತ್ರ ಯಾಕೆ ಬರೆದ ಎನ್ನುತ್ತೀಯ. ಫೋನಿನಲ್ಲಿ ನೀನು ನಕ್ಕರೆ ನನಗೆ ಕೇಳಿಸುತ್ತದೆ ಮಗಳೇ. ಪತ್ರ ಓದಿ ಎಷ್ಟು ಬೇಕಾದರೂ ನಗು, ಆ ಮಗ್ಗಗಳ ಸದ್ದಿನಲ್ಲಿ ಅದು ಗಡಹಿಂಗ್ಲಜದವರೆಗೆ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ದಾನೋಳಿಯ ಬಾಬಾಸಾಹೇಬರೂ ಅವರ ಹೆಂಡತಿ ಜಿನಮತಿ ವೈನಿಯವರೂ ಇಚಲಕರಂಜಿಯ ಪೇಟೆಗೆ ಬಂದಾಗಲೆಲ್ಲ ನಿನ್ನ ಮನೆಯಲ್ಲಿ ಕಾಲು ಚಾಚಿ ಕೂತು ಹೋಗುವವರು. ನನ್ನ ಪರಾಕ್ರಮ ನಿನಗೆ ಅವರ ಬಾಯಿಂದ ಮೊದಲು ತಲುಪುವುದಕ್ಕಿಂತ ನನ್ನ ಕೈಯಿಂದಲೇ ತಲುಪಲಿ.

ಯುಗಾದಿ ಪಾಡ್ಯದ ದಿನ ನೀನು ತಂದುಕೊಟ್ಟ ಆ ಯಂತ್ರದ ವಿಷಯಕ್ಕೇ ಬರುತ್ತೇನೆ. ಒಂದು ಡಬ್ಬಿ, ಅದರ ತಲೆಯ ಮೇಲೆ ಒತ್ತುವ ಹಿಡಿ, ಪಕ್ಕದಲ್ಲಿ ತೆಳ್ಳನೆಯ ನಳಿಗೆ. ಇಂಜಿನ್ನಿನ ಆಯಿಲ್ ಅಳೆಯುವ ಗೇಜ್ ಕಡ್ಡಿಯನ್ನು ತೆಗೆದು ಆ ತೂತಿನಲ್ಲಿ ನಳಿಗೆ ಇಳಿಸಿ ಹಿಡಿ ಒತ್ತಿದರೆ ಹಳೆಯ ಆಯಿಲ್ ಮೇಲಿನಿಂದಲೇ ಡಬ್ಬಿಗೆ ಬರುತ್ತದೆ, ಗಾಡಿಯ ಕೆಳಗೆ ಮಲಗುವ ಕೆಲಸವೇ ಇಲ್ಲ ಎಂದು ನೀನು ಎಷ್ಟು ಹುರುಪಿನಿಂದ ಹೇಳಿದ್ದೆ. ನಾನು ಏನು ಮಾಡಿದೆ? ಗ್ಯಾರೇಜಿನಲ್ಲಿ ಕೂತಿದ್ದ ಗಿರಾಕಿಗಳ ಮುಂದೆ, ಅಳಿಯಂದಿರ ಮುಂದೆ, ನಳಿಗೆಯನ್ನು ಎರಡು ಬೆರಳಲ್ಲಿ ಇಲಿಯ ಬಾಲ ಹಿಡಿದಂತೆ ಎತ್ತಿ, "ಗಾಡಿ ಏನ್ ದವಾಖಾನಿ ಕಾಟಿನ ಮ್ಯಾಲ ಬಿದ್ದೈತೇನ್ ಬೇ, ಸಲೈನ್ ಹಚ್ಚಾಕ?" ಎಂದೆ. ಎಲ್ಲರೂ ನಕ್ಕರು. ಲಖನ್ ಕೂಡ ಗಡ್ಡ ಕೆರೆದುಕೊಂಡು ನಕ್ಕ, ಪಾಪ, ಮಾವನಿಗೆ ಮರ್ಯಾದೆ ಕೊಡಬೇಕಲ್ಲ. ನೀನು ಮಾತ್ರ ನಳಿಗೆಯನ್ನು ಒರೆಸಿ, ಸುತ್ತಿ, ಡಬ್ಬಿಯೊಳಗಿಟ್ಟು, "ಅಪ್ಪಾ, ನಿನ್ನ ನಡಾ ನೋಡಿ ತಂದಿದ್ನಿ, ನಗಾಕಲ್ಲ" ಎಂದು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹೋಳಿಗೆ ಬುಟ್ಟಿಯಲ್ಲೇ ಉಳಿಯಿತು. ಈ ಸಲ ಪಂಚಮಿಗೆ ಬರುವುದಾಗುವುದಿಲ್ಲ ಎಂದು ನಿಮ್ಮವ್ವನಿಗೆ ಹೇಳಿದೆಯಂತೆ. ಅದನ್ನು ನನಗೆ ಹೇಳಿ ಅವಳು ನನ್ನ ಕಡೆ ನೋಡಿದಳು, ಅಷ್ಟೇ.

ನನ್ನ ಪಕ್ಷವನ್ನೂ ಕೇಳು. ಆಯಿಲ್ ಬದಲಿಸುವುದೆಂದರೆ ಗೋಣಿತಟ್ಟು ಹಾಸಿ, ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಆಯಿಲ್ ಚೇಂಬರಿನ ತಳದ ಬೋಲ್ಟ್ ಬಿಚ್ಚುವುದು. ಇದು ನನ್ನ ಧರ್ಮ. ಮೇಲಿನಿಂದ ಹೀರಿದರೆ ತಳದಲ್ಲಿ ಅರ್ಧ ಬಟ್ಟಲು ಹಳೆಯ ಆಯಿಲ್ ಉಳಿಯುತ್ತದೆ, ಅದರಲ್ಲೇ ಎಲ್ಲ ಹೊಲಸೂ ಇರುತ್ತದೆ, ಕೆಳಗಿನಿಂದ ಬಿಟ್ಟರೆ ಕೊನೆಯ ಹನಿಯ ತನಕ ಬರುತ್ತದೆ ಎಂದು ನಾನು ಬಂದ ಗಿರಾಕಿಗೆಲ್ಲ ಪ್ರವಚನ ಕೊಟ್ಟಿದ್ದೇನೆ. ಆ ಕೊನೆಯ ಹನಿಗೆ ನಾನು ಕಾಯುವ ರೀತಿಯೂ ನಿನಗೆ ಗೊತ್ತು. ಎರಡು ಹನಿಗಳ ನಡುವೆ ಗಿರಾಕಿ ಒಂದು ಚಹಾ ಕುಡಿದು ಮುಗಿಸಬೇಕು, ಆಗ ಮಾತ್ರ ಬೋಲ್ಟ್ ತಿರುಗಿ ಹತ್ತುತ್ತದೆ. ಹತ್ತಿದ ಮೇಲೆ ಅದನ್ನು ಬಿಗಿಯುವುದು ಇನ್ನೊಂದು ಪುರಾಣ. ಧೊಂಡಿಬಾ ಬಿಗಿದದ್ದನ್ನು ಬಿಚ್ಚಲು ಧೊಂಡಿಬಾನೇ ಬೇಕು ಎಂದು ಆಜರಾ, ಚಂದಗಡದವರೆಗೆ ಹೆಸರಿತ್ತು. ಹಾಗೆ ಬಿಗಿದು ಬಿಗಿದು ಎಷ್ಟು ಚೇಂಬರುಗಳ ಬೋಲ್ಟ್ ತೂತಿನ ಸುರುಳಿ ಆಟೆ ಸವೆಸಿದೆ ಎಂಬುದನ್ನು ಪ್ರವಚನದಲ್ಲಿ ಹೇಳುವ ಪದ್ಧತಿ ಇರಲಿಲ್ಲ.

ಈಗ ಮೊನ್ನೆ ಶನಿವಾರದ ಕಥೆ. ಮಧ್ಯಾಹ್ನದ ಇಳಿಹೊತ್ತಿಗೆ ಬಾಬಾಸಾಹೇಬರು ಜೀಪಿನಲ್ಲಿ ಬಂದರು, ಜೊತೆಗೆ ವೈನಿ, ಗಾಡಿ ನಡೆಸಲು ಮಗ ಆಶಿಷ. ಸಂಕೇಶ್ವರದಲ್ಲಿ ವೈನಿಯ ತಂಗಿಯ ಮನೆಯಲ್ಲಿ ಸಂಜೆಯ ಊಟ ಸಿದ್ಧವಾಗಿತ್ತು. ಚಾತುರ್ಮಾಸ ಹತ್ತಿದೆ, ವೈನಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರನ್ನೂ ಹಾಕುವುದಿಲ್ಲ, ಅದೂ ನಿನಗೆ ಗೊತ್ತಿದ್ದದ್ದೇ. ಸ್ವಲ್ಪ ಸುತ್ತಾದರೂ ಸರಿ, ಆಯಿಲ್ ಬದಲಿಸಿಕೊಂಡೇ ಹೋಗೋಣ, ನಮಗೆ ಧೊಂಡಿಬಾನ ಕೈಯೇ ಆಗಬೇಕು ಎಂದರು ಬಾಬಾಸಾಹೇಬರು. ಆ ಮಾತಿಗೆ ನಾನು ಉಬ್ಬಿದೆ. ನಿನ್ನ ಯಂತ್ರ ಕಪಾಟಿನ ಮೇಲೆ ಕೂತು ನೋಡುತ್ತಿತ್ತು, ಅದಕ್ಕೆ ಬೆನ್ನು ಹಾಕಿ ಗೋಣಿತಟ್ಟು ಹಾಸಿದೆ. ಕೆಳಗೆ ಸರಿದು ಮಲಗುವುದಕ್ಕೇ ನನ್ನ ನಡ ಬಹಳ ಹೊತ್ತು ತೆಗೆದುಕೊಂಡಿತು, ಬೋಲ್ಟ್ ಬಿಚ್ಚುವುದಕ್ಕೆ ಅದಕ್ಕಿಂತ ಹೆಚ್ಚು. ಮೇಲೆ ವೈನಿ ಆಕಾಶ ನೋಡುತ್ತಿದ್ದರು. ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ, ಆದರೂ ಅವರಿಗೆ ಗೊತ್ತಾಗುತ್ತದೆ. "ಧೊಂಡಿಬಾ, ಹೊತ್ತ ಮುಳಗಾಕತ್ತೈತ್ರಿ, ಇನ್ನ ಸಾಕ್ ಮಾಡ್ರಿ" ಎಂದರು. ನಾನು ಗಾಡಿಯ ಕೆಳಗಿನಿಂದ, ಗುಡಿಯ ಗರ್ಭದಿಂದ ಪೂಜಾರಿ ಹೇಳಿದ ಹಾಗೆ, "ತಡೀರಿ ವೈನಿ, ಇನ್ನೊಂದ್ ಹನಿ ಐತಿ" ಎಂದೆ.

ಆ ಹನಿ ಬಿತ್ತು. ಆಮೇಲೆ ಅವಸರವೋ ಅವಸರ. ಬೋಲ್ಟ್ ಏರಿಸಿದೆ, ಹೊರಗೆ ಬಂದೆ, ಹೊಸ ಆಯಿಲ್ ಸುರಿದೆ, ಹೋಗ್ರಿ ಹೋಗ್ರಿ ಎಂದೆ. ಇಂಜಿನ್ ಚಾಲೂ ಇಟ್ಟು ಕೆಳಗೆ ರದ್ದಿ ಪೇಪರ್ ಹಾಸಿ ಸೋರುತ್ತದೆಯೇ ಎಂದು ನೋಡುವ ನನ್ನ ಯಾವತ್ತಿನ ಪದ್ಧತಿಯನ್ನು ಅಂದು ಬಿಟ್ಟೆ. ಬೋಲ್ಟನ್ನು ಪಾನಾ ಹಾಕಿ ಬಿಗಿಯುವುದೂ ಅವಸರದಲ್ಲಿ ಮರೆತುಹೋಯಿತು. ಜೀಪು ಹಿರಣ್ಯಕೇಶಿಯ ಸೇತುವೆಗಿಂತ ಮೊದಲಿನ ಉಬ್ಬಿನ ಮೇಲೆ ಕುಣಿದಾಗ ಬೋಲ್ಟ್ ಉದುರಿತು. ಕೆಂಪು ದೀಪ ಹತ್ತಿದ ಕೂಡಲೇ ಆಶಿಷ ಇಂಜಿನ್ ಬಂದ್ ಮಾಡಿದ, ಅದರ ಪುಣ್ಯದಿಂದ ಇಂಜಿನ್ ಬದುಕಿತು. ಅವನು ಓಡುತ್ತ ನನ್ನ ಹತ್ತಿರ ಬಂದ. ದಾರಿ ತಪ್ಪುವ ಸಂಭವವೇ ಇರಲಿಲ್ಲ: ನನ್ನ ಅಂಗಡಿಯ ಹೊಸ್ತಿಲಿನಿಂದ ಉಬ್ಬಿನವರೆಗೆ ಪೇಟೆಯ ನಟ್ಟನಡುವೆ ಹನಿ ಹನಿಯಾಗಿ ಒಂದು ರಂಗೋಲಿ ಬಿದ್ದಿತ್ತು. ಆಷಾಢದಲ್ಲಿ ದಿನವೂ ನನ್ನ ಅಂಗಿ ನೆನೆಸುವ ಮಳೆ ಅಂದು ಒಂದು ಹನಿ ಬೀಳಲಿಲ್ಲ. ನಿಮ್ಮವ್ವ ಒಲೆಯ ಬೂದಿ ಬುಟ್ಟಿಯಲ್ಲಿ ತುಂಬಿಕೊಂಡು ಆ ಗೆರೆಯ ಮೇಲೆ ಹಾಕುತ್ತ ನನ್ನ ಹಿಂದೆ ಬಂದಳು. ಹೂವು ಮಾರುವ ಬಾಳಕ್ಕ ತನ್ನ ಬುಟ್ಟಿಯ ಹಿಂದಿನಿಂದ, "ಛಲೋ ಆತ್ ಬಿಡ್ರಿ, ನಾಳಿಂದ ನಿಮ್ಮ ಗ್ಯಾರೇಜ್ ಎಲ್ಲೈತಿ ಅಂತ ಯಾರೂ ಕೇಳಂಗಿಲ್ಲ" ಎಂದಳು. ನಿಮ್ಮವ್ವ ಅವಳ ಮುಂದೆಯೂ ಒಂದು ಹಿಡಿ ಬೂದಿ ಹಾಕಿ ಮುಂದೆ ನಡೆದಳು.

ಉಬ್ಬಿನ ಹತ್ತಿರ ಕರಿಯ ಮಡುವೇ ನಿಂತಿತ್ತು. ಬಾಬಾಸಾಹೇಬರು ಅದರ ದಂಡೆಯಲ್ಲಿ ನಿಂತು, "ಕೊನೀ ಹನಿ ತನಕಾ ಅಂದಿದ್ರಿ ಧೊಂಡಿಬಾ, ಖರೇನ ಕೊನೀ ಹನಿ ತನಕಾ ಬಿತ್ತ ನೋಡ್ರಿ" ಎಂದರು. ಅವರಿಗೆ ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಮರೆತೆ ಸಾಹೇಬರ, ವಯಸ್ಸಾತು ಎಂದೆ. ನಾನು ತಂದ ಬೋಲ್ಟನ್ನೂ ಪಾನಾವನ್ನೂ ಆಶಿಷ ಕೈಯಿಂದ ತೆಗೆದುಕೊಂಡು ತಾನೇ ಕೆಳಗೆ ಸರಿದು ಬಿಗಿದ, ಹೊಸ ಆಯಿಲನ್ನೂ ತಾನೇ ಸುರಿದ. ನಾನು ಬೇಡವೆನ್ನಲಿಲ್ಲ. ಅಷ್ಟರಲ್ಲಿ ನದಿಯ ಆಚೆಯ ಕಬ್ಬು ಕಪ್ಪಾಗಿತ್ತು. ನಿಮ್ಮವ್ವ ವೈನಿಯ ಹತ್ತಿರ ಹೋಗಿ, ನಮ್ಮ ಮನೆಗೆ ಬನ್ನಿ, ಒಂದು ಲೋಟ ಹಾಲಾದರೂ ಎಂದು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿದಳು. ವೈನಿ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಇರ್ಲಿ ಬಿಡ್ರಿ, ಮುಂಜಾನೆ ಉಂಡ್ರ ಆತು. ನೀವ್ ಮದ್ಲ ಮನೀಗ್ ಹೋಗಿ ಉಣ್ರಿ, ಮಾರಿ ಬಾಡೈತಿ" ಎಂದರು. ಶುಭಾ, ಆ ಹೆಣ್ಣುಮಗಳು ಮರುದಿನ ಬೆಳಗಿನ ತನಕ ಒಂದು ಗುಟುಕು ನೀರಿಲ್ಲದೆ ಇದ್ದರು. ತಳದ ಅರ್ಧ ಬಟ್ಟಲು ಆಯಿಲ್ ಉಳಿಯಬಾರದೆಂದು ನಾನು ಕಾಯಿಸಿದೆನಲ್ಲ, ಅದಕ್ಕೆ. ನಿಮ್ಮವ್ವ ರೊಟ್ಟಿ ಬಡಿದಳು, ನಾನು ತಾಟಿನ ಮುಂದೆ ಕೂತು ಎದ್ದೆ.

ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು, ಕಪಾಟಿನ ಮೇಲಿಂದ ನಿನ್ನ ಯಂತ್ರವನ್ನು ಇಳಿಸಿದೆ. ಕಳ್ಳನಿಗೂ ಅಷ್ಟು ಎದೆ ಹೊಡೆದುಕೊಳ್ಳುವುದಿಲ್ಲ. ನಮ್ಮ ಹಳೆಯ ಟೆಂಪೋದ ಗೇಜ್ ತೂತಿಗೆ ನಳಿಗೆ ಇಳಿಸಿ ಒತ್ತಿದೆ, ಬರೀ ಗಾಳಿ ಬಂತು. ಗೆದ್ದೆ ಎಂದುಕೊಂಡೆ. ಆಮೇಲೆ ನೀನು ಹೇಳಿದ್ದು ನೆನಪಾಯಿತು: ಇಂಜಿನ್ ಬೆಚ್ಚಗಿರಬೇಕು, ನಳಿಗೆ ತಳ ಮುಟ್ಟಬೇಕು. ಚಾಲೂ ಮಾಡಿ, ಬೆಚ್ಚಗಾದ ಮೇಲೆ ಬಂದ್ ಮಾಡಿ, ನಳಿಗೆಯನ್ನು ಇನ್ನಷ್ಟು ಇಳಿಸಿ ಒತ್ತಿದೆ. ಗೊಳ್ಳೆಂದು ಬಂತು ನೋಡು. ಸ್ಟೂಲಿನ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, ಸಾವುಕಾರನ ಹಾಗೆ ಆಯಿಲ್ ಬದಲಿಸಿದೆ. ತಳದಲ್ಲಿ ಎಷ್ಟು ಉಳಿಯಿತೆಂದು ಬೋಲ್ಟ್ ಬಿಚ್ಚಿ ನೋಡಬೇಕೆಂದಿದ್ದೆ. ನೋಡಲಿಲ್ಲ. ಎಷ್ಟೋ ಉಳಿದಿರಬಹುದು, ಉಳಿಯಲಿ. ಅಷ್ಟರಲ್ಲಿ ಶಟರಿನ ಕೆಳಗೆ ನಿಮ್ಮವ್ವನ ಕಾಲುಗಳು ಕಂಡವು. ಅವಳು ಬಗ್ಗಿ ಒಳಗೆ ನೋಡಿ, "ಸಲೈನ್ ಹಚ್ಚೇರೇನ್ರಿ ಡಾಕ್ಟರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಪಂಚಮಿ ಹತ್ತಿರ ಬಂತು. ನಿಮ್ಮವ್ವ ಉಂಡಿಗೆಂದು ಶೇಂಗಾ ತಂದು ಇಟ್ಟಿದ್ದಾಳೆ, ನೀನು ಬರುವುದಿಲ್ಲ ಎಂದಿದ್ದರೂ. ಯಾವತ್ತಿನಂತೆ ನಾನೇ ಕರೆಯಲು ಬರುತ್ತೇನೆ. ಬಾಗಿಲಲ್ಲಿ ನಿಲ್ಲಿಸಿ ಎಷ್ಟು ಬೇಕಾದರೂ ಅನ್ನು, ಅಂದಾದ ಮೇಲೆ ಚೀಲ ತುಂಬು. ಗಿರಾಕಿಗಳು ಕೂತಾಗಲೇ ಆ ಯಂತ್ರವನ್ನು ನನಗೆ ಇನ್ನೊಮ್ಮೆ ತೋರಿಸಿಕೊಡು, ನಾನು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತು ಕೇಳುತ್ತೇನೆ. ಅಂದು ನಗಿಸಿದ್ದು ಎಲ್ಲರ ಮುಂದೆ, ಕಲಿಯುವುದೂ ಎಲ್ಲರ ಮುಂದೆ ಆಗಲಿ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಸೀಟಿಯ ಸಾಕ್ಷಿಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಮನೆ ತಂಪಾಗಿರಲಿ.

ನಿನ್ನ ಅಪ್ಪ,
ಧೊಂಡಿಬಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ನಿಮ್ಮವ್ವ ನೀರಿಗೆ ಹೋಗಿದ್ದಾಳೆ. ಬಾಬಾಸಾಹೇಬರಿಗೆ ನಾನು ಹೇಳಿದ್ದು ಸುಳ್ಳು, ಮೇಲೆ ನಿನಗೆ ಬರೆದದ್ದೂ ಸುಳ್ಳು. ಬೋಲ್ಟ್ ಬಿಗಿಯುವುದನ್ನು ನಾನು ಮರೆಯಲಿಲ್ಲ. ಪಾನಾ ಹಾಕಿದೆ, ಎಳೆದೆ. ಬೆರಳು ಮಡಚಲಿಲ್ಲ. ಬಲಗೈ ಬೇಸಿಗೆಯಿಂದ ಹೀಗೇ ಇದೆ, ಹಿಡಿದದ್ದು ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ. ಇಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡು ಹೊರಗೆ ಬಂದೆ. ನಿನ್ನ ಯಂತ್ರವನ್ನಾದರೆ ಅಂಗೈಯಿಂದ ಒತ್ತಿದರೂ ನಡೆಯುತ್ತದೆ. ಪಂಚಮಿಗೆ ಬಂದಾಗ ನನ್ನನ್ನು ಕೊಲ್ಲಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗು. ನಿಮ್ಮವ್ವನಿಗೆ ಸದ್ಯಕ್ಕೆ ಉಂಡಿ ತಿನ್ನಲು ಬಂದೆ ಎಂದಷ್ಟೇ ಹೇಳು. ಪೆನ್ನು ಸರಿಯಾಗಿಯೇ ಇದೆ.