ವಾರ್ಡನ್ನರ ಮೆಟ್ಟಿಲು

ಗುಲಬರ್ಗಾ
೧೨ ಆಗಸ್ಟ್ ೧೯೭೪

ಶಹಾಬಾದದಲ್ಲಿರುವ ಅಪ್ಪನವರಿಗೆ ಅಂಬರಾಯನ ನಮಸ್ಕಾರ.

ನಾನು ಹುಷಾರಿದ್ದೇನೆ. ಊಟ ಸೇರುತ್ತಿಲ್ಲ, ಅವ್ವನಿಗೆ ಹೇಳಬೇಡಿ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಐವರೂ ತಮ್ಮ ತಮ್ಮ ಊರಿಗೆ ಫಸ್ಟ್ ಬಂದವರು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅವರು ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ. ನಾನು ಶಹಾಬಾದ.

ಮೊನ್ನೆ ವಾರ್ಡನ್ ಸಾಹೇಬರು ತಮ್ಮ ಕೋಣೆಯ ಮೆಟ್ಟಿಲು ತೊಳೆಯಲು ಹೇಳಿದರು. "ಫಸ್ಟ್ ಬಂದವ್ರು ಕಸಬರಿಗಿ ಹಿಡೀತಾರೇನಲೇ? ಸೈನ್ಸ್ ಯಾಕ ಓದಾಕತ್ತೀವಿ ಮತ್ತ?" ಎಂದ ಚಿಂಚೋಳಿ. ಲ್ಯಾಬಿನಿಂದ ಆ್ಯಸಿಡ್ ತಂದು ಸುರಿದೆವು. ಬುಸ್ಸೆಂದು ನೊರೆ ಎದ್ದಿತು. "ನೋಡ್ರಲೇ, ಹೊಲಸು ಹೆಂಗ ಬಿಡಾಕತ್ತದ!" ಎಂದು ಚಪ್ಪಾಳೆ ಹೊಡೆದೆವು. ನೊರೆ ಇಳಿದ ಮೇಲೆ ನೋಡಿದರೆ ಪಾಲಿಶ್ ಹೋಗಿ ಕಲ್ಲಿನಲ್ಲಿ ತಗ್ಗು ಬಿದ್ದಿತ್ತು.

ಆ್ಯಸಿಡ್ ಲೈಮ್‌ಸ್ಟೋನನ್ನು ತಿನ್ನುತ್ತದೆ ಎಂದು ಹಿಂದಿನ ವಾರದ ಟೆಸ್ಟಿನಲ್ಲಿ ಐವರೂ ಇಂಗ್ಲಿಷಿನಲ್ಲಿ ಬರೆದಿದ್ದೆವು. ಆ ಲೈಮ್‌ಸ್ಟೋನ್ ಎಂದರೆ ಮೆಟ್ಟಿಲಿಗೆ ಹಾಸಿದ ನಮ್ಮೂರ ಫರಸಿ ಕಲ್ಲೇ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಗಣಿಯಲ್ಲಿ ಅದನ್ನೇ ಕೊಯ್ದು ನೀವು ನನ್ನನ್ನು ಓದಿಸುತ್ತಿದ್ದೀರಿ, ನಿಮ್ಮ ಮಗನಿಗೂ ಹೊಳೆಯಲಿಲ್ಲ.

"ಶಹಾಬಾದ, ಕಲ್ಲು ನಿಮ್ಮೂರಿಂದೇ ಬರ್ಲಿ. ಇಲ್ಲಂದ್ರ ಹಾಸಿಗಿ ಸುತ್ತಿ ನಡಿ," ಎಂದಿದ್ದಾರೆ ವಾರ್ಡನ್. ಮೂರಡಿ ಉದ್ದ, ಒಂದಡಿ ಅಗಲದ್ದು ಸಾಕು, ಪಾಲಿಶ್ ಆಗಿರಬೇಕು. ಉಳಿದವರು ಇನ್ನೂ ನೊರೆಯನ್ನು ನೆನೆದು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ, ಅಪ್ಪಾ. ಭಾಳ ದಣಿದಿದ್ದೇನೆ.

ಕಲ್ಲನ್ನು ನಮ್ಮ ಓಣಿಯ ನರಸಪ್ಪ ಕಾಕಾನ ಕೈಯಲ್ಲಿ ಪ್ಯಾಸೆಂಜರ್ ಗಾಡಿಗೆ ಕಳಿಸಿರಿ. ನೀವು ಬರಬೇಡಿ. ನೀವು ಬಂದರೆ, ತಿರುಗಿ ಹೋಗುವಾಗ ನಿಮ್ಮ ಹಿಂದೆಯೇ ನಾನೂ ಗಾಡಿ ಹತ್ತಿಬಿಡುತ್ತೇನೆ.

ನಿಮ್ಮ ಮಗ
ಅಂಬರಾಯ